ನಾಲ್ಕು ರೂಪಾಯಿಗೆ ಐದು ರಿಯಾಲು

ಹಜ್ ಮುಗಿಸಿ ಬಂದವರು ಕಾಬಾದ ಬಗ್ಗೆ ಹೇಳುತ್ತಾರೆ, ಜಮ್‌ಜಮ್ ನೀರಿನ ಬಗ್ಗೆ ಹೇಳುತ್ತಾರೆ, ಅರಾಫತ್ ಬಯಲಿನ ಜನಸಂದಣಿಯ ಬಗ್ಗೆ ಹೇಳುತ್ತಾರೆ. ಅದನ್ನೆಲ್ಲ ನನಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮ ಸೀಮೆಯಲ್ಲೇ ಹತ್ತಾರು ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ನಮ್ಮ ಬೆಳ್ಳಿ ರೂಪಾಯಿ ಅರಬರ ಬೆಳ್ಳಿ ರಿಯಾಲಿನ ಎದುರು ಕೂತ ಒಂದು ಬೆಳಗಿನ ಸಂಗತಿ, ಮತ್ತು ಆ ಸಂಜೆ ನಾನು ಮಾಡಿದ ಕೆಲಸ. ಯುದ್ಧ ಶುರುವಾಗುವುದಕ್ಕೆ ಮುಂಚಿನ ಚಳಿಗಾಲದಲ್ಲಿ ನಡೆದದ್ದು. ಈಗ ಆ ಬೆಳ್ಳಿ ರೂಪಾಯಿ ಕಣ್ಣಿಗೂ ಬೀಳುವುದಿಲ್ಲ, ಜೇಬಿನಲ್ಲಿ ಇರುವುದೆಲ್ಲ ಕಾಗದ. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಇನ್ನು ಬರೆದರೆ ಯಾರಿಗೂ ನೋವಿಲ್ಲ, ನನ್ನೊಬ್ಬನನ್ನು ಬಿಟ್ಟು.

ಮದ್ದೂರು

ನಮ್ಮಪ್ಪ ಹುಸೇನ್ ಸಾಬರು ಮಂಡ್ಯದ ಬೆಲ್ಲದ ಮಂಡಿಯಲ್ಲಿ ತೂಕದವರಾಗಿದ್ದರು. ಬೆಳಗಿನ ರೈಲಿಗೆ ಮದ್ದೂರಿನಿಂದ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದರು. ಕೊಪ್ಪ, ಬೆಸಗರಹಳ್ಳಿ ಕಡೆಯ ಗಾಡಿಗಳು ಮಂಡಿಯ ಅಂಗಳದಲ್ಲಿ ಸಾಲಾಗಿ ನಿಂತಿರುವಾಗ, ಅಪ್ಪ ದೊಡ್ಡ ತಕ್ಕಡಿಯ ಪಕ್ಕ ನಿಂತು ‘ಲಾಭ’ ಎಂದು ಮೊದಲ ತೂಕ ಎಣಿಸಿ, ಎರಡು, ಮೂರು ಎಂದು ರಾಗವಾಗಿ ಕೂಗುವುದನ್ನು ನಾನು ಚಿಕ್ಕಂದಿನಲ್ಲಿ ಹೆಮ್ಮೆಯಿಂದ ನೋಡಿದ್ದೇನೆ. ಆ ಕೂಗಿನ ಮೇಲೆ ರೈತ ಮತ್ತು ಸಾಹುಕಾರ ಇಬ್ಬರೂ ನಂಬಿಕೆ ಇಟ್ಟಿದ್ದಾರೆ ಎಂದು ನಾನು ತಿಳಿದಿದ್ದೆ.

ಸಾಯುವ ಮೂರು ದಿನ ಮುಂಚೆ ಅಪ್ಪ ನಮ್ಮಿಬ್ಬರನ್ನೂ ಹತ್ತಿರ ಕರೆದರು. ಕೆಲವು ವರ್ಷ, ಸಾಹುಕಾರ ಹೇಳಿದ್ದಕ್ಕೆ, ತಕ್ಕಡಿಯ ದಂಡಿಗೆಯ ಮೇಲೆ ತನ್ನ ಬೆರಳು ಕೂರುತ್ತಿತ್ತು ಎಂದರು. ಗಾಡಿಗೆ ಇಷ್ಟು ಬೆಲ್ಲ ಎಂದು ಲೆಕ್ಕವಿಟ್ಟು ಮಾಡಿದ್ದಲ್ಲ, ಬೆರಳು ತಾನಾಗಿ ಹೋಗಿ ಕೂರುವಷ್ಟು ರೂಢಿಯಾಗಿತ್ತಂತೆ. “ನನ್ನ ಹೆಸರಲ್ಲಿ ಒಂದು ಹಜ್ ಮಾಡಿಸಿ” ಎಂದು ಕೇಳಿದರು. ನನ್ನ ಕೈ ಹಿಡಿದುಕೊಂಡಿದ್ದರು. ಆ ಬೆರಳು ಯಾವುದು ಎಂದು ನಾನು ನೋಡಿದೆ. ಹಾಗೆ ನೋಡಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ಸತ್ತವರ ಪರವಾಗಿ ಇನ್ನೊಬ್ಬರು ಹಜ್ ಮಾಡಬಹುದು. ನಾನು ಅಪ್ಪನದು, ಅಮ್ಮ ತನ್ನದು, ಹೀಗೆ ಇಬ್ಬರೂ ಹೋಗುವುದೆಂದು ಮಾತಾಯಿತು. ಆದರೆ ಹಣ ಶುದ್ಧವಾಗಿರಬೇಕು. ಮಂಡಿಯ ಕೂಲಿಯ ಒಂದು ಕಾಸೂ ಸೇರಬಾರದು ಎಂದು ಅಮ್ಮ ಹಟ ಹಿಡಿದಳು. ಇಪ್ಪತ್ತು ವರ್ಷ ಎಮ್ಮೆ ಕಟ್ಟಿ ಹಾಲು ಮಾರಿ ಮಡಕೆಯಲ್ಲಿ ಹಾಕಿಟ್ಟ ಬೆಳ್ಳಿ ರೂಪಾಯಿಗಳನ್ನು ಹೊರತೆಗೆದಳು. ನನ್ನ ಮಾಸ್ತರಿಕೆಯ ಸಂಬಳದಲ್ಲಿ ಉಳಿದದ್ದು ಹಡಗಿನ ಟಿಕೆಟ್ಟಿಗೆ ಸರಿಹೋಯಿತು. ಅಲ್ಲಿ ಇಳಿದ ಮೇಲಿನ ಖರ್ಚಿಗೆಲ್ಲ ಮಡಕೆಯೇ ಗತಿ.

ಹೊರಡುವ ಮುಂಚೆ ಹಜ್ ಯಾತ್ರಿಕರು ಕಂಡವರ ಬಳಿ ಹೋಗಿ ತಪ್ಪಾಗಿದ್ದರೆ ಮನ್ನಿಸಿ ಎಂದು ಕೇಳಿಕೊಳ್ಳುವುದು ವಾಡಿಕೆ. ಅಮ್ಮ ನಮ್ಮ ಬೀದಿಯ ಮನೆಮನೆಗೂ ಹೋದಳು. ತವರೂರು ಮಳವಳ್ಳಿಗೂ ಹೋಗಿ ಬಂದಳು. ಅತ್ತೆಯ ಜೊತೆ ಆಡಿದ ಜಗಳಕ್ಕೆ, ಪಕ್ಕದ ಮನೆಯವರ ಕೋಳಿಗೆ ಕಲ್ಲು ಎಸೆದದ್ದಕ್ಕೆ, ಎಲ್ಲಕ್ಕೂ ಮಾಫಿ ಕೇಳಿಯಾಯಿತು. ಕೊಪ್ಪಕ್ಕೆ, ಬೆಸಗರಹಳ್ಳಿಗೆ ಹೋಗೋಣವೇ ಎಂದು ನಾನು ಕೇಳಿದಾಗ ಮಾತ್ರ ತಲೆ ಅಲ್ಲಾಡಿಸಿದಳು.

“ಅಲ್ಲೋಗಿ ಏನಂತ ಕೇಳ್ಲಪ್ಪ? ಸತ್ತು ಇನ್ನೂ ವರ್ಸ ಆಗಿಲ್ಲ, ಅವ್ರ ಮಾನ ನಾನೇ ಕಳೀಲಾ? ದೇವ್ರ ಮನೆಗೇ ಓಗ್ತಿವಲ್ಲ, ಅಲ್ಲೇ ಕೇಳನ ಬುಡು.”

ನನಗೂ ಅದೇ ಸರಿ ಎನಿಸಿತು.

ಬೊಂಬಾಯಿ

ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಆದರೆ ಅಮ್ಮ ಮಳವಳ್ಳಿಯ ಗೌಡರ ಕೇರಿಯ ಹುಡುಗಿಯರ ಜೊತೆ ಬೆಳೆದವಳು. ಸಿಟ್ಟು ಬಂದಾಗ, ಗುಟ್ಟು ಹೇಳಬೇಕಾದಾಗ ಅವಳಿಗೆ ಕನ್ನಡವೇ ಬೇಕು. ಬೊಂಬಾಯಿಯ ಯಾತ್ರಿಕರ ಛತ್ರದಲ್ಲಿ ಸುತ್ತ ಇದ್ದವರೆಲ್ಲ ಉರ್ದು ಬಲ್ಲವರಾದ್ದರಿಂದ, ಅಲ್ಲಿಂದ ಮುಂದೆ ಅವಳು ನನ್ನೊಡನೆ ಕನ್ನಡ ಬಿಟ್ಟು ಬೇರೆ ಮಾತಾಡಲಿಲ್ಲ. ನಮ್ಮ ಮಾತು ಕೇಳಿ ಒಬ್ಬ ಪಠಾಣ ನಾವು ಯಾವ ದೇಶದ ಮುಸಲ್ಮಾನರು ಎಂದು ವಿಚಾರಿಸಿದ.

ಬೆಳ್ಳಿಯ ಭಾರವನ್ನು ನೋಟು ಮಾಡಿಸಿಕೊಳ್ಳಿ ಎಂದು ಎಲ್ಲರೂ ಬುದ್ಧಿ ಹೇಳಿದರು. ಅಮ್ಮ ಒಪ್ಪಲಿಲ್ಲ. ಎಮ್ಮೆಯ ಹಾಲಿಗೆ ಬಂದ ಕಾಸು ಅದೇ ಕಾಸಾಗಿ ಮಕ್ಕಾ ಸೇರಬೇಕು ಎಂಬುದು ಅವಳ ಹಟ. ಎರಡು ಬಟ್ಟೆಯ ಪಟ್ಟಿಗಳಲ್ಲಿ ನಾಣ್ಯ ಹೊಲಿದು, ಅವಳ ಪಾಲಿನದು ಅವಳು ಸೊಂಟಕ್ಕೆ ಕಟ್ಟಿಕೊಂಡಳು, ನನ್ನ ಪಾಲಿನದು ನಾನು. ವೈದ್ಯಕೀಯ ತಪಾಸಣೆಯ ದಿನ ಲೇಡಿ ಡಾಕ್ಟರು ಅವಳ ಹೊಟ್ಟೆ ಮುಟ್ಟಿ ನೋಡಿ ಗಾಬರಿಯಾಗಿ, ಇದೇನೋ ದೊಡ್ಡ ಗೆಡ್ಡೆ, ಹಡಗು ಹತ್ತುವ ಹಾಗಿಲ್ಲ ಎಂದರಂತೆ. ಅಮ್ಮ ಸೆರಗು ಸರಿಸಿ ತೋರಿಸಿದ ಮೇಲೆ ಆಕೆ ನಕ್ಕು ಮುದ್ರೆ ಒತ್ತಿ ಕಳಿಸಿದರು. “ಇಪ್ಪತ್ತು ವರ್ಸದ ಬಸುರು ಅಂದೆ ಕಣ್ಲಾ” ಎಂದು ಅಮ್ಮ ಹೊರಗೆ ಬಂದು ಹೇಳಿದಳು. ಆಕೆಗೆ ಕನ್ನಡ ಎಲ್ಲಿ ಗೊತ್ತಾಗಬೇಕು!

ಹಡಗು, ಕಮರಾನ್ ದ್ವೀಪ

ಹಡಗಿನ ಬಗ್ಗೆ ಹೆಚ್ಚು ಬರೆಯಲಾರೆ, ಮೊದಲ ನಾಲ್ಕು ದಿನ ನಾನು ಕಂಡದ್ದು ಬಕೆಟ್ಟಿನ ತಳವನ್ನು ಮಾತ್ರ. ಶಿಂಷಾ ನದಿಯಲ್ಲಿ ಈಜು ಕಲಿತವನಿಗೆ ಸಮುದ್ರ ಮರ್ಯಾದೆ ಕೊಡುವುದಿಲ್ಲ. ಅಮ್ಮ ಗಟ್ಟಿಯಾಗಿದ್ದಳು. ಆದರೆ ಕಬ್ಬಿಣದ ಮೆಟ್ಟಿಲು ಇಳಿಯುವಾಗ ಜಾರಿ ಅವಳ ಬಲಮಂಡಿ ಊದಿಕೊಂಡಿತು, ಮತ್ತೆ ಅದು ಸರಿಹೋಗಲೇ ಇಲ್ಲ.

ನಮ್ಮ ಪಕ್ಕದಲ್ಲಿ ಚಾಪೆ ಹಾಸಿದ್ದವರು ಚನ್ನಪಟ್ಟಣದ ಒಬ್ಬ ಮುದುಕರು. ತುರ್ಕಿ ಬಾದಷಹರ ಕಾಲದಲ್ಲೇ ಒಮ್ಮೆ ಹಜ್ ಮಾಡಿ ಬಂದಿದ್ದರು. ಅವರಿಗೆ ಒಂದೇ ಹುಚ್ಚು: ಯಾವ ಕಾಲದಲ್ಲಿ ರೂಪಾಯಿಗೆ ಅಲ್ಲಿ ಏನು ಸಿಗುತ್ತಿತ್ತು ಎಂಬುದು. ಆಗ ಮಜೀದಿ ಎಂಬ ದೊಡ್ಡ ಬೆಳ್ಳಿ ನಾಣ್ಯವಿತ್ತಂತೆ, ಅದಕ್ಕೆ ಎರಡು ರೂಪಾಯಿ ಚಿಲ್ಲರೆ ಕೊಡಬೇಕಾಗಿತ್ತಂತೆ. ಹಿಂದಿನ ಮಹಾಯುದ್ಧವಾದ ಮೇಲೆ ರೂಪಾಯಿ ಒಮ್ಮೆ ಆಕಾಶಕ್ಕೆ ಹಾರಿ ಮತ್ತೆ ನೆಲಕ್ಕೆ ಬಿತ್ತಂತೆ. ಈಗಿನ ಅರಬ್ ದೊರೆ ಕೆಲವು ವರ್ಷದ ಹಿಂದೆ ತನ್ನ ರಿಯಾಲನ್ನು ಚಿಕ್ಕದು ಮಾಡಿ, ಸರಿಯಾಗಿ ನಮ್ಮ ರೂಪಾಯಿಯ ತೂಕಕ್ಕೆ, ನಮ್ಮ ರೂಪಾಯಿಯಷ್ಟೇ ಬೆಳ್ಳಿ ಹಾಕಿ ಹೊಡೆಸಿದ್ದಾನೆ ಎಂದರು.

“ಹಾಗಾದರೆ ಒಂದಕ್ಕೆ ಒಂದು” ಎಂದೆ.

ಮುದುಕರು ನಕ್ಕರು. “ತೂಕ ಒಂದೇ ಮಾಸ್ತರೇ, ಬೆಲೆ ಒಂದೇ ಅಲ್ಲ. ರಿಯಾಲಿನ ಬೆಲೆ ಅದರ ಬೆಳ್ಳಿಯ ಬೆಲೆಯ ಹಿಂದೆ ಓಡುತ್ತದೆ. ನಮ್ಮ ರೂಪಾಯಿಯನ್ನು ಇಂಗ್ಲಿಷರು ಒಂದು ಷಿಲಿಂಗು ಆರು ಪೆನ್ಸಿಗೆ ಕಟ್ಟಿಹಾಕಿದ್ದಾರೆ. ಅದರ ಬೆಳ್ಳಿ ಎಷ್ಟಾದರೂ ಆಗಲಿ, ಬೆಲೆ ಗೂಟಕ್ಕೆ ಕಟ್ಟಿದ ಹಸು. ಅಲ್ಲಿ ಇಳಿದ ಮೇಲೆ ನೋಡಿ, ರೂಪಾಯಿಗೆ ಒಂದಕ್ಕಿಂತ ಹೆಚ್ಚು ರಿಯಾಲು ಬರುತ್ತದೆ. ಯಾತ್ರಿಕರ ಹಡಗು ಬಂದಂತೆಲ್ಲ ಆ ಲಾಭ ಕಡಿಮೆಯಾಗುತ್ತದೆ, ಬೇಗ ಬದಲಾಯಿಸಿಕೊಳ್ಳಿ.”

ಅಮ್ಮ ಪಕ್ಕದಲ್ಲೇ ಮಲಗಿದ್ದಳು. ಕೇಳಿಸಿಕೊಳ್ಳುತ್ತಿದ್ದಳೆಂದು ನನಗೆ ತಿಳಿಯಲಿಲ್ಲ.

ಕೆಂಪು ಸಮುದ್ರದ ಬಾಗಿಲಲ್ಲಿ ಕಮರಾನ್ ಎಂಬ ಬೋಳು ದ್ವೀಪ. ರೋಗ ಹರಡದಿರಲಿ ಎಂದು ಯಾತ್ರಿಕರನ್ನೆಲ್ಲ ಅಲ್ಲಿ ಇಳಿಸಿ, ಸ್ನಾನ ಮಾಡಿಸಿ, ಬಟ್ಟೆಬರೆಯನ್ನು ದೊಡ್ಡ ಹಂಡೆಯಂಥ ಯಂತ್ರದಲ್ಲಿ ಆವಿಗೆ ಇಡುತ್ತಾರೆ. ಇಡ್ಲಿ ಬೇಯಿಸಿದ ಹಾಗೆ ಬೇಯಿಸಿ ಕೊಟ್ಟ ನನ್ನ ಉಣ್ಣೆಯ ಟೋಪಿ ಒಂದು ತೆಂಗಿನ ಚಿಪ್ಪಿಗೆ ಸರಿಯಾಗಿತ್ತು. ಅಲ್ಲಿಯ ಅಂಗಡಿಯಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಚಹಾ ಮಾರುವ ಅರಬನೊಬ್ಬ ಅಮ್ಮನಿಗೆ ‘ಎರಡಾಣೆ’ ಎಂದದ್ದು ಕೇಳಿ ಅವಳಿಗೆ ಊರಲ್ಲೇ ಇದ್ದಷ್ಟು ಸಮಾಧಾನವಾಯಿತು. ಅದೇ ಕೊನೆ. ಅಲ್ಲಿಂದ ಮುಂದೆ ನಮ್ಮ ಕಾಸು ಪರದೇಶಿ.

ಜಿದ್ದಾ

ಜಿದ್ದಾದಲ್ಲಿ ಹವಳದ ಕಲ್ಲಿನ ಎತ್ತರದ ಮನೆಗಳು, ಮರದ ಜಾಲರಿಯ ಕಿಟಕಿಗಳು. ಕುಡಿಯುವ ನೀರನ್ನು ಡಬ್ಬದ ಲೆಕ್ಕದಲ್ಲಿ ಕೊಳ್ಳಬೇಕು. ಯಾರೂ ಮನೆಯ ಮುಂದೆ ನೀರು ಚೆಲ್ಲುವುದಿಲ್ಲ. ನಾಲೆಯ ನೀರಿಗಾಗಿ ತಲೆ ಒಡೆದುಕೊಳ್ಳುವ ನಮ್ಮ ಸೀಮೆಯ ಜನ ಅದನ್ನೊಮ್ಮೆ ನೋಡಬೇಕು.

ನಮ್ಮನ್ನು ನೋಡಿಕೊಳ್ಳಲು ಉಸ್ಮಾನ್ ಎಂಬುವನನ್ನು ಗೊತ್ತು ಮಾಡಿದ್ದರು. ಹೈದರಾಬಾದಿನಲ್ಲಿ ಹುಟ್ಟಿ, ಜಿದ್ದಾಕ್ಕೆ ಹೋಗಿ ನೆಲೆಸಿದವನು. ಉರ್ದು, ಅರಬ್ಬಿ ಎರಡೂ ಬರುತ್ತಿತ್ತು. ಮಕ್ಕಾಕ್ಕೆ ಲಾರಿ, ಮಕ್ಕಾದಲ್ಲಿ ಬಿಡಾರ, ಅಲ್ಲಿಂದ ಅರಾಫತ್‌ಗೆ ಹೋಗಿ ಬರುವುದು, ದೊರೆಯ ಸರ್ಕಾರಕ್ಕೆ ಕಟ್ಟುವುದು, ಎಲ್ಲವನ್ನೂ ರಿಯಾಲಿನಲ್ಲಿ ಹೇಳಿದ. ನಾನು ಮನಸ್ಸಿನಲ್ಲೇ ಗುಣಿಸಿ ನೋಡಿದೆ. ಮುದುಕರು ಹೇಳಿದ ಹಾಗೆ ರೂಪಾಯಿಗೆ ಹೆಚ್ಚು ರಿಯಾಲು ಬಂದರೆ ಆರಾಮವಾಗಿ ಸಾಲುತ್ತಿತ್ತು.

ನಾಣ್ಯ ಬದಲಾಯಿಸುವ ಸರಾಫನ ಅಂಗಡಿ ಮೂರು ಮೊಳದ ಗೂಡು. ಬಿಳಿಗಡ್ಡದ ಗಂಭೀರ ಮನುಷ್ಯ. ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ರಿಯಾಲು, ಚಿನ್ನದ ಗಿನ್ನಿ, ನಮ್ಮ ರೂಪಾಯಿ, ಜಾವಾದವರ ಯಾವುದೋ ನಾಣ್ಯ. ಅಮ್ಮನ ಪಟ್ಟಿ ಬಿಚ್ಚಿದೆವು. ಅವಳು ಒಂದು ರೂಪಾಯಿಯನ್ನು ಕೈಗೆ ತೆಗೆದುಕೊಂಡು, ತಕ್ಕಡಿಯ ಕಡೆ ಬೆರಳು ಮಾಡಿ, ತೂಗು ಎಂದು ಸನ್ನೆ ಮಾಡಿದಳು. ಸರಾಫ ಒಂದು ಬಟ್ಟಲಿಗೆ ರೂಪಾಯಿ, ಇನ್ನೊಂದಕ್ಕೆ ರಿಯಾಲು ಹಾಕಿದ. ಮುಳ್ಳು ಸ್ವಲ್ಪ ಅಲ್ಲಾಡಿ ನೇರ ನಿಂತಿತು. ನಮ್ಮಲ್ಲಿ ರೂಪಾಯಿ ಎಂದರೆ ಬರಿಯ ಹಣವಲ್ಲ, ತೊಲ ತೂಗುವ ಬಟ್ಟೂ ಹೌದು, ಅಕ್ಕಸಾಲಿಗರು ಅದನ್ನೇ ಇಟ್ಟು ತೂಗುತ್ತಾರೆ. ಅಮ್ಮ ಬಹಳ ಹೊತ್ತು ಆ ಮುಳ್ಳನ್ನೇ ನೋಡಿದಳು.

ಆಮೇಲೆ ಸರಾಫ ನಾಲ್ಕು ರೂಪಾಯಿಗಳನ್ನು ತನ್ನ ಕಡೆಗೆ ಎಳೆದುಕೊಂಡು ಐದು ರಿಯಾಲುಗಳನ್ನು ನಮ್ಮ ಕಡೆಗೆ ತಳ್ಳಿದ. ಆ ದಿನದ ದರ ಅದು.

ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು.

“ಅದ್ಯಾಕ್ಲಾ ಐದು?”

ನಾನು ವಿವರಿಸಿದೆ. ಷಿಲಿಂಗು, ಪೆನ್ಸು, ಲಂಡನ್ನಿನ ಕಟ್ಟು, ಎಲ್ಲ ಹೇಳಿದೆ. ಮಾಸ್ತರ ಬುದ್ಧಿ, ಕೇಳಿದವರಿಗೆ ಕೇಳದ್ದೂ ಹೇಳುವುದು.

“ಬೆಳ್ಳಿಗೆ ಬೆಳ್ಳಿ, ತೂಕಕ್ಕೆ ತೂಕ, ಕೈಯಿಂದ ಕೈಗೆ. ಅದ್ಕಿಂತ ಜಾಸ್ತಿ ತಗಂಡ್ರೆ ಬಡ್ಡಿ ತಿಂದಂಗೆ ಅಂತ ನಮ್ ಮೌಲ್ವಿಗಳು ಏಳ್ಲಿಲ್ವಾ? ಎರಡೂ ಒಂದೇ ತೂಕ ಅಂತ ಈವಯ್ಯನೇ ತೂಗಿ ತೋರುಸ್ದ. ನಾಕಕ್ಕೆ ನಾಕೇ ಕೊಡಾಕೇಳು.”

ಮದ್ದೂರಿನ ಮಸೀದಿಯಲ್ಲಿ ಯಾತ್ರೆಗೆ ಹೊರಟವರಿಗೆ ಮೌಲ್ವಿಗಳು ಈ ನಿಯಮವನ್ನು ಹೇಳಿದ್ದು ನಿಜ. ನಾನು ತೂಕಡಿಸುತ್ತಿದ್ದೆ, ಅಮ್ಮ ಜವನಿಕೆಯ ಹಿಂದಿನಿಂದ ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದಳು.

ಉಸ್ಮಾನ್ ಇದನ್ನು ಅರಬ್ಬಿಗೆ ತಿರುಗಿಸಿ ಹೇಳಿದ. ಸರಾಫನ ಮುಖ ಕೆಂಪಾಯಿತು. ಅವನೂ ಅದೇ ನಿಯಮ ಓದಿದವನು. ಪಕ್ಕದ ಗೂಡುಗಳಿಂದ ಇಬ್ಬರು ಎದ್ದು ಬಂದು ನಿಂತರು. ಅವರೊಳಗೆ ಅರಬ್ಬಿಯಲ್ಲಿ ವಾದ ನಡೆಯಿತು. ಕೊನೆಗೆ ಉಸ್ಮಾನ್ ನನಗೆ ಉರ್ದುವಿನಲ್ಲಿ ಹೇಳಿದ: “ಅಮ್ಮ ಹೇಳುವುದು ಗ್ರಂಥದ ಪ್ರಕಾರ ಸರಿ. ಆದರೆ ಅದಕ್ಕೆ ದಾರಿ ಇದೆ. ರೂಪಾಯಿ ಕೊಟ್ಟು ಮೊದಲು ಗಿನ್ನಿ ಕೊಳ್ಳಿ, ಆ ಗಿನ್ನಿ ಕೊಟ್ಟು ರಿಯಾಲು ಕೊಳ್ಳಿ. ಬೆಳ್ಳಿಗೆ ಚಿನ್ನ, ಚಿನ್ನಕ್ಕೆ ಬೆಳ್ಳಿ. ಹೆಚ್ಚು ಕಡಿಮೆಯಾದರೂ ದೋಷವಿಲ್ಲ. ಬಲ್ಲವರೆಲ್ಲ ಒಪ್ಪಿದ್ದು.”

ನನಗೆ ಜೀವ ಬಂತು. ಅಮ್ಮನಿಗೆ ಹೇಳಿದೆ. ಅವಳು ತಲೆ ಎತ್ತಲಿಲ್ಲ.

“ನಿಮ್ಮಪ್ಪನೂ ಇಂಗೇ ಒಂದು ದಾರಿ ಇಟ್ಕಂಡಿದ್ದ ಕಣಪ್ಪ. ಬೆಳಗಿನ ಮಂಜಿಗೆ ಬೆಲ್ಲ ನೀರು ಈರಿರ್ತದೆ, ಆ ನೀರ್ನ ತೂಕ ಕಳೀಬೇಕು, ಅದು ನ್ಯಾಯವೇ ಅಂತಿದ್ದ. ಯಾರೋ ಬಲ್ಲೋರೇ ಏಳ್ಕೊಟ್ಟಿದ್ರಂತೆ. ನನ್ಗೆ ದಾರಿ ಬ್ಯಾಡ. ಮುಳ್ಳು ನೆಟ್ಗೆ ನಿಂತದೆ, ಅಷ್ಟು ಸಾಕು.”

ನಾನು ಸಿಟ್ಟಿನಿಂದ ಕೂಗಿದೆ. ಅದನ್ನು ಬರೆಯಲೇಬೇಕು. ಹಾಗಾದರೆ ಹಣ ಸಾಲುವುದಿಲ್ಲ, ಲಾರಿ ಇಲ್ಲ, ನಿನ್ನ ಮಂಡಿಗೆ ನಡೆಯಲಾಗುವುದಿಲ್ಲ, ಅಪ್ಪನ ಹಜ್ಜೂ ಇಲ್ಲ ನಿನ್ನದೂ ಇಲ್ಲ, ಇಲ್ಲೇ ಬೀದಿಯಲ್ಲಿ ಕೂತು ವಾಪಸು ಹೋಗೋಣ ಎಂದೆ. ದೇವರ ಮನೆಯ ಬಾಗಿಲಲ್ಲಿ ಹೆತ್ತ ತಾಯಿಯ ಮೇಲೆ ಅರಚಿದ ಯಾತ್ರಿಕ ನಾನೊಬ್ಬನೇ ಇರಬೇಕು.

“ಅರಚ್ಬ್ಯಾಡ. ತೆವಳ್ಕಂಡು ಓಯ್ತೀನಿ” ಎಂದಳು.

ಸರಾಫ ಅವಳ ರೂಪಾಯಿಗಳಿಗೆ ಒಂದಕ್ಕೊಂದರಂತೆ ರಿಯಾಲು ಎಣಿಸಿಕೊಟ್ಟ. ಎಣಿಸುವಾಗ ಅವಳ ಕಡೆಗಾಗಲಿ ನನ್ನ ಕಡೆಗಾಗಲಿ ನೋಡಲಿಲ್ಲ. ಕೊನೆಯಲ್ಲಿ ಹತ್ತು ರಿಯಾಲನ್ನು ಬೇರೆಯಾಗಿ ಇಟ್ಟು, ಇದು ದಾನ ಎಂದ. ಅಮ್ಮ ಅದನ್ನು ಬಾಗಿಲಲ್ಲಿ ಕೂತಿದ್ದ ಕುರುಡನ ಬಟ್ಟಲಿಗೆ ಹಾಕಿ ಎದ್ದುಬಿಟ್ಟಳು.

ಸಂಜೆ, ಅಮ್ಮ ನಮಾಜಿಗೆ ಕೂತಾಗ, ನಾನು ನನ್ನ ಪಟ್ಟಿಯನ್ನು ಕಟ್ಟಿಕೊಂಡು ಅದೇ ಗೂಡಿಗೆ ಹೋದೆ. ಗಿನ್ನಿಯ ದಾರಿಯಲ್ಲೇ ಹೋಗಬೇಕೆಂದು ಮನಸ್ಸಿನಲ್ಲಿತ್ತು. ಸರಾಫ ಅಂಗಡಿ ಮುಚ್ಚುತ್ತಿದ್ದ. ಗಿನ್ನಿಗಳನ್ನು ಆಗಲೇ ಪೆಟ್ಟಿಗೆಯೊಳಗೆ ಬೀಗ ಹಾಕಿಟ್ಟಿದ್ದ. ಬೆಳಿಗ್ಗೆ ಬಾ ಎಂದನೋ, ಹೀಗೇ ಕೊಡಲೇ ಎಂದನೋ, ಕೈಸನ್ನೆಯಲ್ಲಿ ಏನೋ ಕೇಳಿದ. ಬೆಳಗಾಗುವಷ್ಟರಲ್ಲಿ ಲಾರಿ ಹೊರಡುತ್ತಿತ್ತು. ಹೀಗೇ ಕೊಡು ಎಂದು ನಾಲ್ಕು ಬೆರಳು ತೋರಿಸಿ, ಆಮೇಲೆ ಐದು ಬೆರಳು ತೋರಿಸಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ನಾಲ್ಕಕ್ಕೆ ಐದರಂತೆ ಎಣಿಸಿದ.

ಅರಾಫತ್

ಲಾರಿಯ ಬಾಡಿಗೆ ಕಟ್ಟಿದೆ. ಹೇಗೋ ಹೊಂದಿತು ಎಂದೆ. ಅಮ್ಮ ಏನನ್ನೂ ಕೇಳಲಿಲ್ಲ. ಇಬ್ಬರು ಸುಡಾನಿ ಹೆಂಗಸರು ಅವಳ ತೋಳು ಹಿಡಿದು ಮೇಲೆ ಹತ್ತಿಸಿದರು. ದಾರಿಯುದ್ದಕ್ಕೂ ನಡೆದೇ ಹೋಗುತ್ತಿದ್ದ ಬಡ ಯಾತ್ರಿಕರು ನಮ್ಮ ಲಾರಿಯ ಧೂಳಿಗೆ ಮುಖ ಮುಚ್ಚಿಕೊಂಡು ಬದಿಗೆ ನಿಲ್ಲುತ್ತಿದ್ದರು. ಅಮ್ಮ ಅವರನ್ನು ನೋಡುತ್ತಾ ಕೂತಿದ್ದಳು.

ಕಾಬಾವನ್ನು ಮೊದಲು ಕಂಡಾಗ ಎಲ್ಲರೂ ಅಳುತ್ತಾರೆ. ನಾನೂ ಅತ್ತೆ, ಅದರಲ್ಲಿ ಸುಳ್ಳಿಲ್ಲ. ಅಮ್ಮ ಮಂಡಿ ನೋವಿನಲ್ಲಿ ಏಳು ಸುತ್ತು ಬರುವುದಕ್ಕೆ ಅರ್ಧ ದಿನ ಹಿಡಿಯಿತು. ಯಾರು ಯಾರೋ ಅವಳಿಗೆ ಹೆಗಲು ಕೊಟ್ಟರು. ಜಾವಾದವನೊಬ್ಬ ತನ್ನ ಚಿಕ್ಕ ಮಡಚುವ ಸ್ಟೂಲನ್ನೇ ಕೊಟ್ಟುಬಿಟ್ಟ. ಮಾತು ಬಾರದ ಜನ ಒಬ್ಬರನ್ನೊಬ್ಬರು ನೋಡಿಕೊಳ್ಳುವ ರೀತಿ ಅಲ್ಲಿ ಕಂಡಷ್ಟು ಚೆನ್ನಾಗಿ ನಾನು ಇನ್ನೆಲ್ಲೂ ಕಂಡಿಲ್ಲ.

ಅರಾಫತ್ ಬಯಲಿನಲ್ಲಿ ಹಜ್ ತಿಂಗಳ ಒಂಬತ್ತನೆಯ ದಿನದ ಮಧ್ಯಾಹ್ನದಿಂದ ಸೂರ್ಯ ಮುಳುಗುವವರೆಗೆ ನಿಂತು ಬೇಡಿಕೊಳ್ಳಬೇಕು. ಹಜ್ ಎಂದರೆ ಅದೇ, ಅದು ತಪ್ಪಿದರೆ ಹಜ್ ಇಲ್ಲ. ನಾನು ಅಪ್ಪನ ಹೆಸರು ಹೇಳಿ ಬೇಡಬೇಕಾಗಿತ್ತು. ಬಾಯಿ ತೆರೆದರೆ ಹುಸೇನ್ ಎಂಬ ಮೂರಕ್ಷರ ಹೊರಗೆ ಬರಲೊಲ್ಲದು. ಬೆರಳು ಇಟ್ಟ ಮನುಷ್ಯನ ಪಾಪಕ್ಕೆ ಅವನ ಮಗ ಬೆರಳು ಇಟ್ಟು ತಂದ ಹಣದಲ್ಲಿ ಬಂದು ಕ್ಷಮೆ ಕೇಳುತ್ತಿದ್ದಾನೆ. ಗಿನ್ನಿಯೊಂದನ್ನು ಒಂದು ಗಳಿಗೆ ಕೈಯಲ್ಲಿ ಹಿಡಿಯುವಷ್ಟು ತಾಳ್ಮೆಯೂ ನನಗಿರಲಿಲ್ಲ. ಸುತ್ತ ಲಕ್ಷ ಜನ ಅಳುತ್ತಿದ್ದರು. ನಾನೂ ಅಳುತ್ತಿದ್ದೆ, ಆದರೆ ನನ್ನದು ನಾಚಿಕೆಯ ಅಳು. ಸೂರ್ಯ ಇನ್ನೇನು ಮುಳುಗಬೇಕು ಎನ್ನುವಾಗ ಅಪ್ಪನ ಹೆಸರನ್ನು ಒಮ್ಮೆ ಹೇಳಿದೆ. ಹೇಳಿದ್ದು ತಲುಪಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಮರಳಿ ಹಡಗಿನಲ್ಲಿ

ಏಡನ್ ದಾಟಿದ ಮೇಲೆ ಒಂದು ಮಧ್ಯಾಹ್ನ ಅಮ್ಮ ಖರ್ಜೂರದ ಬೀಜ ಬಿಡಿಸುತ್ತಾ ಕೂತಿದ್ದಳು. ನಾನು ಎದುರಿಗೆ ಕೂತು, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

“ಲಾರಿ ಅತ್ತೋವಾಗ್ಲೇ ನಂಗೊತ್ತಿತ್ತು ಕಣಪ್ಪ.”

“ಹೇಗೆ?”

“ಒಂದಕ್ಕೊಂದು ಅಂದ್ರೆ ನಮ್ಮತ್ರ ಎಷ್ಟು ಉಳೀಬೇಕು, ಲಾರಿಗೆ ಎಷ್ಟು ಓಗ್ಬೇಕು ಅಂತ ತೂಕದೋನ ಎಂಡ್ತಿಗೆ ಗೊತ್ತಾಗಾಕಿಲ್ವೇನ್ಲಾ?”

“ಮತ್ತೆ ಯಾಕೆ ಸುಮ್ಮನಿದ್ದೆ?”

ಅವಳು ಬೀಜಗಳನ್ನು ಸೆರಗಿನಲ್ಲಿ ಒಟ್ಟುಮಾಡಿ, ಎದ್ದು ಹೋಗಿ ಸಮುದ್ರಕ್ಕೆ ಚೆಲ್ಲಿ ಬಂದಳು.

“ಮಂಡಿ ನೋಯ್ತಿತ್ತು. ನಡಿಯಾಕಾಗಾಕಿಲ್ಲ ಅಂತ ನಂಗೂ ಗೊತ್ತಿತ್ತು. ಅದ್ಕೇ ಕಣ್ಮುಚ್ಕಂಡು ಲಾರಿ ಅತ್ತುದ್ದೆ.” ಸೆರಗು ಕೊಡವಿ ಹೇಳಿದಳು: “ನಿಮ್ಮಪ್ಪಂದೂ ಗೊತ್ತಿತ್ತು. ಅವ್ನು ಸಾಯೋ ಮೂರು ದಿವ್ಸದ ಮುಂದಲ್ಲ, ಆವಾಗ್ಲೇ. ಮಂಡಿ ಕೂಲಿ ಅಷ್ಟೇ ಆದ್ರೆ ಅಬ್ಬಕ್ಕೆ ಎಲ್ರಿಗೂ ಒಸ ಬಟ್ಟೆ ಎಲ್ಲಿಂದ ಬತ್ತಿತ್ತು? ಆರು ವರ್ಸ ನಾನೂ ಉಟ್ಟೆ, ನಾನೂ ಉಂಡೆ. ಕೇಳ್ಲಿಲ್ಲ. ಅಪ್ಪನ್ಗೋಸ್ಕರ ಅಜ್ಜು ಅಂತ ನೀನು ತಿಳ್ಕಂಡಿದ್ದೀಯ. ನನ್ಗೂ ಬೇಕಾಗಿತ್ತು ಕಣ್ಲಾ.”

ಜಿದ್ದಾದ ಆ ಗೂಡಿನಲ್ಲಿ ಅವಳು ಯಾಕೆ ಅಷ್ಟು ಹಟ ಮಾಡಿದಳು ಎಂದು ಆಗ ತಿಳಿಯಿತು. ಅವಳ ಮಂಡಿಗೆ ಎಣ್ಣೆ ತಿಕ್ಕಿದೆ.

ಮಂಡ್ಯ

ಬೆಂಗಳೂರು ಕಡೆಯಿಂದ ಬಂದರೆ ಮಂಡ್ಯಕ್ಕಿಂತ ಮೊದಲು ಸಿಗುವುದು ಮದ್ದೂರು. ಸ್ಟೇಷನ್ನಿನಲ್ಲಿ ನೆಂಟರು, ನೆರೆಯವರು, ನನ್ನ ಶಾಲೆಯ ಹೆಡ್‌ಮಾಸ್ತರು, ಎಲ್ಲ ಹೂವಿನ ಹಾರ ಹಿಡಿದು ನಿಂತಿದ್ದರು. ನಾನು ಟ್ರಂಕು ಎತ್ತಿದೆ. ಅಮ್ಮ ಏಳಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, “ನೀವೆಲ್ಲ ಮನೆಗೆ ನಡೀರಪ್ಪ, ಮಂಡ್ಯಕ್ಕೋಗಿ ಬತ್ತೀವಿ” ಎಂದಳು. ಗಾಡಿ ಹೊರಟಿತು. ಹಾರಗಳು ಅವರ ಕೈಯಲ್ಲೇ ಉಳಿದವು. ನಮ್ಮ ಟಿಕೆಟ್ಟು ಮದ್ದೂರಿನವರೆಗೆ ಮಾತ್ರ ಇದ್ದದ್ದರಿಂದ ಮಂಡ್ಯದಲ್ಲಿ ಇಳಿದಾಗ ಸ್ಟೇಷನ್ ಮಾಸ್ತರಿಗೆ ಹೆಚ್ಚಿನ ದುಡ್ಡು ಕಟ್ಟಬೇಕಾಯಿತು. ಕಟ್ಟಿಯೇ ಬಾ ಎಂದು ಅಮ್ಮ ನಿಂತು ನೋಡಿಕೊಂಡಳು.

ಬೆಲ್ಲದ ಸುಗ್ಗಿ ಇನ್ನೂ ಮುಗಿದಿರಲಿಲ್ಲ. ಮಂಡಿಯ ಅಂಗಳದಲ್ಲಿ ಗಾಡಿಗಳು ತುಂಬಿದ್ದವು. ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ಹೊಸ ತೂಕದವನೊಬ್ಬ ನಿಂತು ಎಣಿಸುತ್ತಿದ್ದ. ಸಾಹುಕಾರ ಗಾದಿಯಿಂದ ಎದ್ದು, “ಬನ್ನಿ ಹಾಜಮ್ಮ, ಕೂತ್ಕೊಳ್ಳಿ” ಎಂದು ಕೈಮುಗಿದ. ಅಮ್ಮ ಅವನ ಕಡೆ ತಿರುಗಲಿಲ್ಲ. ಗಾಡಿಗಳ ನಡುವೆ ಹೋಗಿ, ಜಾವಾದವನು ಕೊಟ್ಟ ಸ್ಟೂಲನ್ನು ಬಿಡಿಸಿಟ್ಟು, ಅದರ ಮೇಲೆ ಕೈಯೂರಿ ನಿಂತಳು.

“ನಾನು ಹುಸೇನ್ ಸಾಬರ ಎಂಡ್ತಿ ಕಣ್ರಪ್ಪ. ಆರು ವರ್ಸ ನನ್ ಗಂಡ ಈ ತಕ್ಕಡೀಲಿ ನಿಮ್ಗೆ ಮೋಸ ಮಾಡವ್ನೆ. ದಂಡಿಗೆ ಮೇಲೆ ಬೆರಳಿಕ್ಕಿ ತೂಗವ್ನೆ. ಗೊತ್ತಿದ್ದೂ ನಾನು ಸುಮ್ಕಿದ್ದೆ. ಮಕ್ಕಕ್ಕೋಗಿ ಬಂದೆ, ಅಲ್ಲಿ ಅದು ಅಳೀಲಿಲ್ಲ. ನಿಮ್ದು ನೀವೇ ಬುಡ್ಬೇಕು. ಬುಡಂಗಿದ್ರೆ ಬುಡ್ರಪ್ಪ.”

ತೂಕದವನ ಕೂಗು ನಿಂತಿತು. ಅವನು ತಕ್ಕಡಿಯಿಂದ ಎರಡೂ ಕೈ ತೆಗೆದು ಹಿಂದೆ ಕಟ್ಟಿಕೊಂಡ. ಸಾಹುಕಾರ ಎದ್ದವನು ಎದ್ದೇ ನಿಂತಿದ್ದ.

ನೊಗದ ಮೇಲೆ ಕೂತಿದ್ದ ಒಬ್ಬ ಮುದುಕ, ಕೊಪ್ಪದ ಕಡೆಯವನಂತೆ, ಎಲೆಅಡಿಕೆ ಉಗುಳಿ ಹೇಳಿದ: “ಸತ್ತೋನ ಕೊಳ್ಪಟ್ಟಿ ಇಡ್ಕಳಾಕಾಯ್ತದಾ? ನಾನು ಬುಟ್ಟೆ ಕಣವ್ವ. ಮಿಕ್ಕೋರ್ದು ಅವ್ರವ್ರು ಏಳ್ಲಿ.”

ಇನ್ನೊಬ್ಬ ಬುಟ್ಟೆ ಎಂದ. ಮತ್ತೊಬ್ಬ ಎಂದ. ಅಮ್ಮ ಒಬ್ಬೊಬ್ಬರಿಗೂ ಕೈಮುಗಿದಳು. ಹೀಗೆ ಬರುತ್ತಾ ಬರುತ್ತಾ, ಎತ್ತಿಗೆ ಹುಲ್ಲು ಹಾಕುತ್ತಿದ್ದ ಮೂವತ್ತರ ಆಸುಪಾಸಿನ ಒಬ್ಬನ ಮುಂದೆ ನಿಂತಳು. ಅವನು ಹುಲ್ಲಿನ ಹೊರೆಯನ್ನು ಕೆಳಗಿಟ್ಟ.

“ಆ ವರ್ಸಗಳಲ್ಲೇ ಒಂದ್ವರ್ಸ ನಮ್ಮಪ್ಪ ಬೆಲ್ಲ ತೂಗ್ಸಿ ಬಂದು, ದುಡ್ಡು ಸಾಲ್ದೆ ಎತ್ತು ಮಾರ್ದ. ಆಮೇಲೆ ಬೇರೇರ ಗಾಡಿ ಒಡ್ದು ಒಡ್ದೇ ಸತ್ತ. ದುಡ್ಡ ಅಪ್ಪನೇ ತಪ್ಪು ಎಣಿಸ್ದ ಅಂತ ನಮ್ಮವ್ವ ಸಾಯೋಗಂಟ ಅವ್ನನ್ನೇ ಬೈದ್ಲು. ನಾನು ಬುಡಾಕಿಲ್ಲ.”

ನಾನು ಮುಂದೆ ಹೋಗಿ ಏನಾದರೂ ಹೇಳಬೇಕೆಂದು ಹೊರಟೆ. ಅಮ್ಮ ಕೈ ಅಡ್ಡ ಹಿಡಿದು ನನ್ನನ್ನು ತಡೆದಳು.

“ಬುಡಬ್ಯಾಡ ಕಣಪ್ಪ. ಅದು ನಿನ್ನ ಅಕ್ಕು. ನಿಮ್ಮಪ್ಪನ ಎಸ್ರೇನು?”

ಅವನು ಹುಲ್ಲಿನ ಹೊರೆಯನ್ನು ಮತ್ತೆ ಎತ್ತಿಕೊಂಡ.

“ಕರಿಯಯ್ಯ” ಎಂದ.

ಅಲ್ಲಿಂದ ಸಾಯುವವರೆಗೂ, ದಿನಕ್ಕೆ ಐದು ಸಲ, ನಮಾಜು ಮುಗಿಸಿ ಅಮ್ಮ ಕೈ ಎತ್ತಿದಾಗಲೆಲ್ಲ ಮೊದಲು ಕರಿಯಯ್ಯನ ಹೆಸರು ಹೇಳುತ್ತಿದ್ದಳು. ನಮ್ಮಪ್ಪನ ಹೆಸರು ಅದಾದ ಮೇಲೆ.